ಅವನಿಗೆ ಹಿತ, ನನಗೆ ಉರಿ: ಸೈಕಲ್ ಉಡುಪು ಆರಿಸುವ ಮೊದಲು

60 ಕಿಲೋಮೀಟರ್ ತುಳಿದು ಇಳಿದಾಗ ನಾನು ಕುಳಿತುಕೊಳ್ಳಲಾರದೆ ಗೋಡೆಗೆ ಒರಗಿ ನಿಂತಿದ್ದೆ. ಅದೇ ರಸ್ತೆಯಲ್ಲಿ, ಅಷ್ಟೇ ದೂರ ನನ್ನ ಜೊತೆಗೆ ಬಂದಿದ್ದ ಗೆಳೆಯ ಕಲ್ಲುಬೆಂಚಿನ ಮೇಲೆ ಕಾಲು ಚಾಚಿ ಕುಳಿತು ನೀರು ಕುಡಿಯುತ್ತಿದ್ದ. ನಾನು ಹಾಕಿದ್ದು ಸೈಕಲ್ಲಿಗೆಂದೇ ಹೊಲಿದ, ದಪ್ಪ ಪ್ಯಾಡ್ ಇರುವ ಚಡ್ಡಿ. ಅವನು ಹಾಕಿದ್ದು ಮನೆಯಲ್ಲಿ ತೊಡುವ ಸಾದಾ ಚಡ್ಡಿ, ಮೇಲೊಂದು ಮಾಸಿದ ಟೀ ಶರ್ಟ್. "ಇದೆಲ್ಲ ವ್ಯಾಪಾರದ ಮಾತು ಕಣೋ" ಎಂದು ನನ್ನ ಚಡ್ಡಿಯ ಕಡೆ ಗಲ್ಲ ಎತ್ತಿ ತೋರಿಸಿದ. ನೋವಿಗಿಂತ ಆ ಮಾತೇ ಹೆಚ್ಚು ಚುಚ್ಚಿತು.

ಅವನು ಹೇಳಿದ್ದು ತಪ್ಪೆಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ನಾನು ನಂಬಿದ್ದೂ ತಪ್ಪೆಂದು ತಿಳಿಯಲು ಇನ್ನೊಂದು ವರ್ಷ. ಅವನ ಸೀಟು ಗಟ್ಟಿ, ಆದರೆ ಅವನ ಮೈಯ ಅಗಲಕ್ಕೆ ಅಳತೆ ಮಾಡಿದಂತೆ ಹೊಂದಿತ್ತು. ಏರು ಬಂದಾಗಲೆಲ್ಲ ಎದ್ದು ನಿಂತು ತುಳಿಯುವುದು ಅವನ ಅಭ್ಯಾಸ. ನನ್ನ ಸೀಟು ದಿಂಬಿನ ಹಾಗೆ ಮೆತ್ತಗಿತ್ತು. ಅದರ ಮೇಲೆ ಮೆತ್ತನೆಯ ಪ್ಯಾಡ್ ಬೇರೆ. ಒಮ್ಮೆ ಕುಳಿತರೆ ನಾನು ಏಳುವವನೇ ಅಲ್ಲ. ಎರಡು ಮೆತ್ತೆಗಳ ನಡುವೆ ಮೂಳೆಗಳು ಮುಳುಗಿಹೋಗಿ, ಅವು ಹೊರಬೇಕಾದ ಭಾರವನ್ನು ಸುತ್ತಲಿನ ಮೃದುವಾದ ಮಾಂಸ ಹೊರುತ್ತಿತ್ತು. ಚಡ್ಡಿ ಸರಿಯಿತ್ತು, ಸೀಟೂ ಒಂದು ರೀತಿಯಲ್ಲಿ ಸರಿಯಿತ್ತು, ಅವೆರಡರ ಸಂಬಂಧ ಮಾತ್ರ ಕೆಟ್ಟಿತ್ತು.

ಸೈಕಲ್ ಉಡುಪಿನ ವಿಷಯದಲ್ಲಿ ಎಲ್ಲರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುತ್ತಾರೆ. ವಿಚಿತ್ರವೆಂದರೆ, ಇಲ್ಲಿ ಅವರವರ ಮೊಲಕ್ಕೆ ನಿಜವಾಗಿಯೂ ಮೂರೇ ಕಾಲು. ಒಬ್ಬರಿಗೆ ಹಿತವಾದದ್ದು ಇನ್ನೊಬ್ಬರಿಗೆ ಬೊಕ್ಕೆ ಎಬ್ಬಿಸಿದರೆ ಅದಕ್ಕೆ ಕಾರಣ ಇದ್ದೇ ಇರುತ್ತದೆ. ಆ ಕಾರಣ ತಿಳಿದಿದ್ದರೆ ಯಾವ ಉಡುಪು ನಿಮ್ಮ ಮೈಗೆ ಒಗ್ಗುತ್ತದೆ ಎಂಬುದನ್ನು ಹಾಕಿ ನೋಡುವ ಮೊದಲೇ ಮುಕ್ಕಾಲು ಪಾಲು ಊಹಿಸಬಹುದು. ಉಳಿದ ಕಾಲು ಪಾಲಿಗೆ ಹಾಕಿಯೇ ನೋಡಬೇಕು.

ಮೊದಲು ಮೂರು ಪ್ರಶ್ನೆ

ಒಮ್ಮೆ ಹತ್ತಿದರೆ ಎಷ್ಟು ಹೊತ್ತು ಇಳಿಯದೆ ಕೂರುತ್ತೀರಿ? ದೂರ ಎಷ್ಟೆಂದು ಕೇಳುತ್ತಿಲ್ಲ, ಹೊತ್ತು ಎಷ್ಟೆಂದು. 20 ನಿಮಿಷದ ಸವಾರಿಗೆ ಯಾವ ಬಟ್ಟೆಯಾದರೂ ನಡೆಯುತ್ತದೆ. ನಿಮಿಷಕ್ಕೆ 80 ಸುತ್ತು ತುಳಿಯುವವರ ಒಂದೊಂದು ತೊಡೆಯೂ ಗಂಟೆಗೆ 4,800 ಸಲ ಸೀಟಿನ ಅಂಚನ್ನು ಸವರಿಕೊಂಡು ಹೋಗುತ್ತದೆ. ಮೂರು ಗಂಟೆಗೆ 14,400 ಸಲ. ಅಂಗಡಿಯ ಕನ್ನಡಿಯ ಮುಂದೆ ಗಮನಕ್ಕೇ ಬಾರದ ಒಂದು ಹೊಲಿಗೆ ಅಷ್ಟು ಸಲ ಉಜ್ಜಿದ ಮೇಲೆ ಗರಗಸವಾಗುತ್ತದೆ.

ಹೇಗೆ ಕೂರುತ್ತೀರಿ? ಹ್ಯಾಂಡಲ್ ಎತ್ತರದಲ್ಲಿದ್ದು ಬೆನ್ನು ನೆಟ್ಟಗಿದ್ದರೆ ಭಾರವೆಲ್ಲ ಪೃಷ್ಠದ ಕೆಳಗಿನ ಎರಡು ಮೂಳೆಗಳ ಹಿಂಭಾಗಕ್ಕೆ ಬೀಳುತ್ತದೆ. ಬಾಗಿ ಕುಳಿತರೆ ಸೊಂಟದ ಗೂಡು ಮುಂದಕ್ಕೆ ಹೊರಳಿ, ಭಾರದ ಒಂದು ಪಾಲು ಅವೇ ಮೂಳೆಗಳ ಮುಂಚಾಚಿನ ಕಿರಿದಾದ ಭಾಗಕ್ಕೂ ಅಂಗೈಗಳಿಗೂ ಹಂಚಿಹೋಗುತ್ತದೆ. ಆದ್ದರಿಂದ ರೇಸ್ ಸೈಕಲ್ಲಿನವರು ಹೊಗಳುವ ಪ್ಯಾಡ್ ನೆಟ್ಟಗೆ ಕೂರುವವರಿಗೆ ತಪ್ಪಾದ ಜಾಗದಲ್ಲಿ ದಪ್ಪವಾಗಿರುತ್ತದೆ.

ಇಳಿದ ಮೇಲೆ ಏನು ಮಾಡುತ್ತೀರಿ? ಸ್ನಾನ ಮಾಡುತ್ತೀರೋ, ಹಾಗೆಯೇ ಕಚೇರಿಯ ಮೇಜಿಗೆ ಹೋಗುತ್ತೀರೋ?

ಸವಾರರನ್ನು ರೇಸಿನವರು, ಪ್ರವಾಸದವರು, ಕಚೇರಿಗೆ ಹೋಗುವವರು ಎಂದು ಜಾತಿ ವಿಂಗಡಿಸಿ ಉಡುಪು ಹೇಳುವ ಪದ್ಧತಿಯಲ್ಲಿ ನನಗೆ ನಂಬಿಕೆ ಇಲ್ಲ. ಸೋಮವಾರ ಕಚೇರಿಗೆ ಹೋಗುವವರೇ ಭಾನುವಾರ ಐದು ಗಂಟೆ ತುಳಿಯುತ್ತಾರೆ. ಉಡುಪು ಸವಾರಿಗೆ ಹೊಂದಬೇಕು, ಬಿರುದಿಗೆ ಹೊಂದಬೇಕಾಗಿಲ್ಲ.

ಪ್ಯಾಡ್ ಇರುವ ಚಡ್ಡಿಯೋ, ಸಾದಾ ಚಡ್ಡಿಯೋ

ಹಣ ಮತ್ತು ತಲೆ ಎರಡನ್ನೂ ಖರ್ಚು ಮಾಡಬೇಕಾದ ಜಾಗ ಇದೊಂದೇ ಎನ್ನುವುದು ನನ್ನ ಅಭಿಪ್ರಾಯ. ಅಂಗಿ ಹಳೆಯದಿರಬಹುದು, ಕಾಲುಚೀಲ ಬೇರೆಬೇರೆ ಜೋಡಿಯದಿರಬಹುದು. ಸೀಟಿಗೂ ನಿಮಗೂ ನಡುವೆ ಇರುವ ಬಟ್ಟೆ ಮಾತ್ರ ಸರಿಯಿರಬೇಕು.

ಪ್ಯಾಡ್ ಹುಟ್ಟಿದ್ದು ಮೆತ್ತಗಿರಲಿ ಎಂದಲ್ಲ, ಉಜ್ಜದಿರಲಿ ಎಂದು. ಚಡ್ಡಿಗಳು ಉಣ್ಣೆಯವಾಗಿದ್ದ ಕಾಲದಲ್ಲಿ ಒಳಗೆ ಒಂದು ತುಂಡು ಚರ್ಮ ಹೊಲಿಯುತ್ತಿದ್ದರು. ಯುರೋಪಿನ ಬೆಟ್ಟಗಳಲ್ಲಿ ಮೇಯುವ, ಆಡಿನ ಹತ್ತಿರದ ನೆಂಟನಾದ ಶಾಮ್ವಾ ಎಂಬ ಪ್ರಾಣಿಯ ಚರ್ಮ ಅದು. ಇಂದು ಅಲ್ಲಿ ಇರುವುದು ಸ್ಪಂಜೇ ಆದರೂ ಹಳಬರು ಅದನ್ನು ಶ್ಯಾಮಿ ಎಂದೇ ಕರೆಯುತ್ತಾರೆ. ಆ ಚರ್ಮ ಒಗೆದು ಒಣಗಿಸಿದಾಗ ಸೆಟೆದುಕೊಳ್ಳುತ್ತಿತ್ತು. ಅದನ್ನು ಮೆದುಮಾಡಲು ಕ್ರೀಮ್ ಬಳಿಯುತ್ತಿದ್ದರು. ಈಗ ಚರ್ಮ ಹೋಗಿದೆ, ಕ್ರೀಮ್ ಉಳಿದಿದೆ. ಪ್ಯಾಡಿಗಾಗಿ ಹುಟ್ಟಿದ್ದು ತೊಡೆಸಂದಿಗೆ ವರ್ಗವಾಗಿದೆ. ಅದು ಎಲ್ಲರಿಗೂ ಬೇಕೇ? ಎರಡು ಗಂಟೆಯೊಳಗಿನ ಸವಾರಿಗೆ, ಬೆವರು ಹೆಚ್ಚಿಲ್ಲದವರಿಗೆ ಬೇಡ. ಮಳೆಯಲ್ಲಿ ದಿನವಿಡೀ ತುಳಿಯುವವರಿಗೆ ಅದು ದೊಡ್ಡ ಉಪಕಾರ.

ಪ್ಯಾಡ್ ಎಷ್ಟು ದಪ್ಪವಾಗಿದ್ದರೆ ಅಷ್ಟು ಸುಖ ಎಂದು ಹೊಸಬರು ನಂಬುತ್ತಾರೆ. ನಾನೂ ನಂಬಿ ಕೆಟ್ಟವನು. ಬೆರಳಿನಿಂದ ಒತ್ತಿದರೆ ಬ್ರೆಡ್ಡಿನಂತೆ ಕುಸಿಯುವ ಪ್ಯಾಡ್ ಅರ್ಧ ಗಂಟೆಯಲ್ಲಿ ಸತ್ತುಹೋಗುತ್ತದೆ. ನೋಡಬೇಕಾದದ್ದು ಸ್ಪಂಜಿನ ಸಾಂದ್ರತೆಯನ್ನು. ದೂರದ ಸವಾರಿಗೆಂದು ಮಾಡಿದ ಪ್ಯಾಡುಗಳಲ್ಲಿ ಮೂಳೆ ಕೂರುವ ಜಾಗದ ಸ್ಪಂಜು ಘನ ಮೀಟರಿಗೆ 100ರಿಂದ 120 ಕಿಲೋಗ್ರಾಂ ತೂಗುವಷ್ಟು ಬಿಗಿಯಾಗಿರುತ್ತದೆ, ಅಂಚಿನ ಕಡೆ ಅದಕ್ಕಿಂತ ಹಗುರವಾಗಿ ತೆಳುವಾಗುತ್ತಾ ಹೋಗುತ್ತದೆ. ಕೈಯಲ್ಲಿ ಹಿಡಿದಾಗ ಇಂಥದ್ದು "ಇಷ್ಟೇನಾ?" ಎನ್ನಿಸುವಷ್ಟು ತೆಳುವಾಗಿ ಕಾಣುತ್ತದೆ. ಹಾಗೆ ಅನ್ನಿಸಿದರೆ ಒಳ್ಳೆಯ ಸೂಚನೆ ಎಂದೇ ತಿಳಿಯಿರಿ.

ಮೂಳೆಗಳ ಅಂತರ ಸಾಮಾನ್ಯವಾಗಿ 10ರಿಂದ 15 ಸೆಂಟಿಮೀಟರಿನ ಒಳಗಿರುತ್ತದೆ. ಸರಾಸರಿಯಲ್ಲಿ ಹೆಂಗಸರದು ಗಂಡಸರಿಗಿಂತ ಅಗಲ. ಆದರೆ ಒಬ್ಬೊಬ್ಬರ ವ್ಯತ್ಯಾಸ ಆ ಸರಾಸರಿಯನ್ನು ಸುಲಭವಾಗಿ ಮೀರುವುದರಿಂದ ಗಂಡಸರ ಪ್ಯಾಡ್ ಒಗ್ಗುವ ಹೆಂಗಸರೂ ಇದ್ದಾರೆ, ಅದರ ವಿರುದ್ಧವೂ ಉಂಟು. ನಿಮ್ಮದು ಎಷ್ಟೆಂದು ತಿಳಿಯಲು ರಟ್ಟಿನ ಪೆಟ್ಟಿಗೆಯ ಒಂದು ತುಂಡನ್ನು ಗಟ್ಟಿ ಕುರ್ಚಿಯ ಮೇಲಿಟ್ಟು, ಪಾದಗಳನ್ನು ಸ್ವಲ್ಪ ಎತ್ತಿ, ಒಂದು ನಿಮಿಷ ಕುಳಿತು ಏಳಿ. ರಟ್ಟಿನಲ್ಲಿ ಎರಡು ತಗ್ಗು ಬಿದ್ದಿರುತ್ತವೆ. ಅವುಗಳ ನಡುಗಳನ್ನು ಅಳೆದರೆ ಸಾಕು. ಪ್ಯಾಡಿನ ದಪ್ಪಭಾಗ ಆ ಎರಡು ಬಿಂದುಗಳ ಕೆಳಗೆ ಬರಬೇಕು.

ಈಗ ಎಲ್ಲರೂ ನಾಚಿಕೊಂಡು ಕೇಳುವ ಪ್ರಶ್ನೆ: ಒಳಗೆ ಒಳ ಉಡುಪು ಹಾಕಬೇಕೇ? ಬೇಡ. ಪ್ಯಾಡ್ ಇರುವ ಚಡ್ಡಿಯೇ ಒಳ ಉಡುಪು. ಅದರೊಳಗೆ ಇನ್ನೊಂದು ಹಾಕಿದರೆ ಹೊಲಿಗೆಯನ್ನು ತಪ್ಪಿಸಲೆಂದು ಕೊಂಡ ಚಡ್ಡಿಯೊಳಗೆ ಹೊಲಿಗೆಯನ್ನೇ ತುಂಬಿದಂತಾಯಿತು. ಹತ್ತಿಯದಾದರೆ ಬೆವರು ಹೀರಿ ಒದ್ದೆಯಾಗಿ ಅಲ್ಲಿಯೇ ಕೂರುತ್ತದೆ. ಇದರಲ್ಲಿ ಮಾತ್ರ ನಾನು "ಅವರವರ ಇಷ್ಟ" ಎನ್ನುವುದಿಲ್ಲ. ನೇರವಾಗಿ ಮೈಗೆ ತಾಗುವುದರಿಂದ ಪ್ರತಿ ಸವಾರಿಯ ನಂತರವೂ ಒಗೆಯಬೇಕು, ಪೂರ್ತಿ ಒಣಗಿಸಬೇಕು. ಹೀಗಾಗಿ ಒಂದೇ ಒಂದು ಒಳ್ಳೆಯ ಚಡ್ಡಿಗಿಂತ ಎರಡು ಸುಮಾರಾದ ಚಡ್ಡಿ ಮೇಲು.

ಸಾದಾ ಚಡ್ಡಿಯ ಪಕ್ಷವನ್ನೂ ಹೇಳಬೇಕು. ಸವಾರಿ ಒಂದು ಗಂಟೆಯೊಳಗಿದ್ದು, ಸೀಟು ಹೊಂದಿದ್ದರೆ, ಆಗಾಗ ಎದ್ದು ತುಳಿಯುವ ರೂಢಿ ಇದ್ದರೆ ಪ್ಯಾಡ್ ಸುಮ್ಮನೆ ಭಾರ. ಗೆಳೆಯನಿಗೆ ಒಮ್ಮೆ ಹೊಸ ಪ್ಯಾಡ್ ಚಡ್ಡಿ ಕೊಡಿಸಿದೆ. ಹತ್ತು ಹೆಜ್ಜೆ ನಡೆದು ನೋಡಿ, "ಎಳೆ ಮಗುವಿಗೆ ಲಂಗೋಟಿ ಕಟ್ಟಿದ ಹಾಗಿದೆ" ಎಂದು ಮರಳಿಸಿದ. ನಡೆದಾಗ ಅದು ಹಾಗೆಯೇ ಇರುತ್ತದೆ, ಅದು ಇರುವುದು ನಡೆಯುವುದಕ್ಕಲ್ಲ ಎಂದರೆ ಅವನು ಕೇಳಲಿಲ್ಲ. ಅವನಿಗೆ ಅಂದು ಅದರ ಅಗತ್ಯವೂ ಇರಲಿಲ್ಲ. ಸಾದಾ ಚಡ್ಡಿಯಲ್ಲಿ ನೋಡಬೇಕಾದದ್ದು ಒಂದೇ: ಎರಡು ಕಾಲು ಕೂಡುವಲ್ಲಿ ನಾಲ್ಕು ಹೊಲಿಗೆ ಒಟ್ಟು ಸೇರಿ ಗಂಟಾಗಿದೆಯೋ, ಅಥವಾ ಅಲ್ಲೊಂದು ಬೇರೆ ತುಂಡು ಬಟ್ಟೆ ಕೊಟ್ಟು ಹೊಲಿಗೆಯನ್ನು ಪಕ್ಕಕ್ಕೆ ಸರಿಸಿದ್ದಾರೋ? ಜೀನ್ಸ್ ಸೋಲುವುದು ಇಲ್ಲಿಯೇ. ಅದರ ದಪ್ಪ ಮಡಿಕೆ ಹೊಲಿಗೆ ಸರಿಯಾಗಿ ಸೀಟಿನ ನಡುವಿಗೆ ಬರುತ್ತದೆ. ಒದ್ದೆಯಾದರೆ ಜೀನ್ಸ್‌ನಷ್ಟು ಹಟಮಾರಿ ಬಟ್ಟೆ ಇನ್ನೊಂದಿಲ್ಲ.

ನಡುದಾರಿಯೊಂದಿದೆ, ಬಹಳ ಜನ ಅದನ್ನು ಗಮನಿಸುವುದಿಲ್ಲ: ಪ್ಯಾಡ್ ಇರುವ ತೆಳು ಒಳಚಡ್ಡಿ, ಅದರ ಮೇಲೆ ಸಾಮಾನ್ಯ ಪ್ಯಾಂಟ್. ಬಿಗಿ ಬಟ್ಟೆಯಲ್ಲಿ ಕಾಣಿಸಿಕೊಳ್ಳಲು ಸಂಕೋಚವಿರುವವರಿಗೆ, ಇಳಿದು ಜನರ ನಡುವೆ ಓಡಾಡಬೇಕಾದವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಸೊಂಟದ ಎಲಾಸ್ಟಿಕ್ಕೋ, ಹೆಗಲ ಪಟ್ಟಿಯೋ

ಹೆಗಲ ಮೇಲೆ ಪಟ್ಟಿ ಹಾದುಹೋಗುವ ಚಡ್ಡಿಗೆ ಬಿಬ್ ಶಾರ್ಟ್ಸ್ ಎನ್ನುತ್ತಾರೆ. ನೋಡಲು ಕುಸ್ತಿಯವರ ಉಡುಪಿನಂತೆ ಕಾಣುತ್ತದೆ. ಮೊದಲ ಸಲ ಹಾಕಿದವರು ಕನ್ನಡಿ ನೋಡಿ ನಗದೆ ಇರುವುದಿಲ್ಲ. ಅದರ ಲಾಭ ಎರಡು. ಬಾಗಿ ಕುಳಿತಾಗ ಹೊಟ್ಟೆಯನ್ನು ಕುಯ್ಯುವ ಎಲಾಸ್ಟಿಕ್ ಇರುವುದಿಲ್ಲ, ಪ್ಯಾಡ್ ಕೆಳಗೆ ಜಾರದೆ ಇಟ್ಟ ಜಾಗದಲ್ಲೇ ನಿಲ್ಲುತ್ತದೆ. ಹೊಟ್ಟೆ ಇರುವವರು ಬಿಬ್ ತಮಗಲ್ಲ ಎಂದುಕೊಳ್ಳುತ್ತಾರೆ. ನಿಜವಾಗಿ ಅದರಿಂದ ಅತಿ ಹೆಚ್ಚು ಉಪಕಾರವಾಗುವುದು ಅವರಿಗೇ.

ನಷ್ಟವೂ ಎರಡು. ಒಂದು, ಎದೆ ಬೆನ್ನಿನ ಮೇಲೆ ಇನ್ನೊಂದು ಪದರ ಬಟ್ಟೆ, ಸೆಕೆಯಲ್ಲಿ ಅಷ್ಟು ಹೆಚ್ಚು ಬೆವರು. ಎರಡನೆಯದು ಶೌಚ. ಗಂಡಸರು ಹೇಗೋ ನಿಭಾಯಿಸುತ್ತಾರೆ. ಹೆಂಗಸರು ಮೊದಲು ಜರ್ಸಿ, ಅಂದರೆ ಮೇಲಿನ ಸೈಕಲ್ ಅಂಗಿ, ಬಿಚ್ಚಿ, ಪಟ್ಟಿ ಇಳಿಸಿ, ಮತ್ತೆ ಎಲ್ಲವನ್ನೂ ಏರಿಸಬೇಕು. ಈ ಕಷ್ಟ ತಪ್ಪಿಸಲೆಂದು ಬೆನ್ನಿನ ಕಡೆ ಕೊಕ್ಕೆ ಕಳಚಿದರೆ ಹಿಂಭಾಗ ಮಾತ್ರ ಕೆಳಗಿಳಿಯುವ ವಿನ್ಯಾಸಗಳೂ ಪಟ್ಟಿಯನ್ನು ಎಳೆದು ಹಿಗ್ಗಿಸಿದರೆ ಸಾಕಾಗುವ ವಿನ್ಯಾಸಗಳೂ ಬಂದಿವೆ. ಕೊಳ್ಳುವ ಮೊದಲು ಬಟ್ಟೆ ಬದಲಿಸುವ ಕೋಣೆಯಲ್ಲಿ ಆ ಕೆಲಸವನ್ನೊಮ್ಮೆ ಅಭಿನಯಿಸಿಯೇ ನೋಡಬೇಕು. ಶೌಚಾಲಯದ ಕಷ್ಟಕ್ಕೆ ಹೆದರಿ ಸವಾರಿಯಲ್ಲಿ ನೀರು ಕುಡಿಯದೇ ಇರುವವರನ್ನು ಕಂಡಿದ್ದೇನೆ. ಅಂಥವರಿಗೆ ಸೊಂಟದ ಎಲಾಸ್ಟಿಕ್ ಚಡ್ಡಿಯೇ ಆರೋಗ್ಯಕರ. ಅದರಲ್ಲಿ ಪಟ್ಟಿ ಅಗಲವಾಗಿ, ಮುಂದೆ ತಗ್ಗಾಗಿ, ಹಿಂದೆ ಎತ್ತರವಾಗಿ ಇರುವುದನ್ನು ಆರಿಸಿದರೆ ಅರ್ಧ ತೊಂದರೆ ತಪ್ಪುತ್ತದೆ.

ಮೈಗಂಟಿದ ಅಂಗಿಯೋ, ಸಡಿಲವೋ

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆ ಸೈಕಲ್ ಸವಾರರನ್ನು ಬಹಳ ಕಾಡಿದೆ. 1898ರಲ್ಲಿ ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ಆಕಮ್ ಎಂಬಲ್ಲಿ ಹೆಂಗಸರ ಉಡುಪಿನ ಸುಧಾರಣೆಗೆ ಹೋರಾಡುತ್ತಿದ್ದ ಲೇಡಿ ಹಾರ್ಬರ್ಟನ್ ಸೈಕಲ್ಲಿನಲ್ಲಿ ಬಂದು ಹೋಟೆಲೊಂದರ ಕಾಫಿ ಕೋಣೆಗೆ ಹೋದಾಗ, ಲಂಗದ ಬದಲು ದೊಗಲೆ ಷರಾಯಿ ತೊಟ್ಟಿದ್ದಾರೆಂದು ಅಲ್ಲಿ ಅವರಿಗೆ ಜಾಗ ಕೊಡಲಿಲ್ಲ. ಬೇಕಾದರೆ ಇನ್ನೊಂದು ಕೋಣೆಯಲ್ಲಿ ಕುಳಿತುಕೊಳ್ಳಿ ಎಂದರು. ಸೈಕಲ್ ಸವಾರರ ಸಂಘ ಮೊಕದ್ದಮೆ ಹೂಡಿತು, 1899ರಲ್ಲಿ ಸೋತಿತು. ಹೋಟೆಲಿನ ಆ ಘಟನೆಗೆ ನಾಲ್ಕು ವರ್ಷ ಮೊದಲು, 1894ರಲ್ಲಿ, ಆನಿ ಲಂಡನ್‌ಡೆರಿ ಅಮೆರಿಕದ ಬೋಸ್ಟನ್ನಿನಿಂದ ಲೋಕ ಸುತ್ತಲು ಹೊರಟದ್ದು ಉದ್ದ ಲಂಗದಲ್ಲಿ, ಸುಮಾರು 19 ಕಿಲೋ ತೂಕದ ಸೈಕಲ್ಲಿನಲ್ಲಿ. ಶಿಕಾಗೋ ತಲುಪಿದ ಮೇಲೆ ಅವರು ಲಂಗ ಬಿಟ್ಟರು, ಸೈಕಲ್ಲನ್ನೂ ಬದಲಿಸಿ ಅದರ ಅರ್ಧ ತೂಕದ ಗಂಡಸರ ಸೈಕಲ್ ಹತ್ತಿದರು. ಲಂಗ ಹೋದದ್ದರಿಂದಲೇ ಅಡ್ಡಕಂಬಿ ಇರುವ ಸೈಕಲ್ ಅವರಿಗೆ ಸಾಧ್ಯವಾಯಿತು.

ಇಂದು ಜಗಳ ಬೇರೆ ಬಟ್ಟೆಯ ಮೇಲೆ. ಅಮೆರಿಕದ ಡ್ಯೂಪಾಂಟ್ ಸಂಸ್ಥೆಯ ಜೋಸೆಫ್ ಶಿವರ್ಸ್ 1958ರಲ್ಲಿ ಕಂಡುಹಿಡಿದ ಹಿಗ್ಗುವ ನೂಲಿಗೆ ಲೈಕ್ರಾ ಎಂಬ ಹೆಸರು ಬಂತು, ಆಮೇಲೆ ಅದು ಸೈಕಲ್ ಚಡ್ಡಿಯ ಉಣ್ಣೆಯನ್ನು ಓಡಿಸಿತು. ಅದರ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಬಿಗಿ ಬಟ್ಟೆಯ ಪರವಾದ ವಾದ ಗಾಳಿಯದು. ವೇಗ 15ರಿಂದ 30 ಕಿಲೋಮೀಟರಿಗೆ ಏರಿದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಗೆಲ್ಲಲು ಬೇಕಾದ ಶಕ್ತಿ ಎಂಟು ಪಟ್ಟು. ಆ ತಡೆಯ ಬಹುಪಾಲು ಬರುವುದು ಸೈಕಲ್ಲಿನಿಂದಲ್ಲ, ಸವಾರರ ಮೈಯಿಂದ. 30ರ ಮೇಲೆ ಓಡಿಸುವವರಿಗೆ ಪಟಪಟ ಬಡಿಯುವ ಅಂಗಿ ಎಂದರೆ ಹಿಂದಿನಿಂದ ಯಾರೋ ಎಳೆದ ಹಾಗೆ. 15ರಲ್ಲಿ ಹೋಗುವವರಿಗೆ ಅದೇ ಅಂಗಿ ಗಾಳಿಯಾಡುವ ಸುಖ. ಇಬ್ಬರೂ ತಮ್ಮ ಅನುಭವವನ್ನೇ ಹೇಳುತ್ತಿರುತ್ತಾರೆ, ವೇಗವನ್ನು ಹೇಳುವುದನ್ನು ಮಾತ್ರ ಮರೆಯುತ್ತಾರೆ.

ನಾನು ಜರ್ಸಿ ಹಾಕುವುದು ವೇಗಕ್ಕಲ್ಲ, ಬೆನ್ನಿನ ಮೂರು ಜೇಬುಗಳಿಗಾಗಿ, ಎದೆಯ ಉದ್ದಕ್ಕೂ ಇಳಿಯುವ ಜಿಪ್ಪಿಗಾಗಿ. ಏರಿನಲ್ಲಿ ಜಿಪ್ ತೆರೆದು ಇಳಿಜಾರಿನಲ್ಲಿ ಮುಚ್ಚುವ ಅನುಕೂಲ ಟೀ ಶರ್ಟಿನಲ್ಲಿ ಇಲ್ಲ. ಅಳತೆಯಲ್ಲಿ ಮಾತ್ರ ಒಂದು ಸಂಖ್ಯೆ ದೊಡ್ಡದನ್ನೇ ಕೊಳ್ಳುತ್ತೇನೆ. ಮೈಗಂಟಿದರೆ ನನ್ನ ಗಮನವೆಲ್ಲ ನನ್ನ ಹೊಟ್ಟೆಯ ಮೇಲೆಯೇ ಇರುತ್ತದೆ, ರಸ್ತೆಯ ಮೇಲೆ ಇರುವುದಿಲ್ಲ. ಸಂಕೋಚವೂ ಮೈಯ ಅಸೌಖ್ಯವೇ. ಅದನ್ನು ಮೆಟ್ಟಿ ನಿಲ್ಲಬೇಕೆಂದು ಉಪದೇಶಿಸುವವರ ಮಾತಿಗೆ ನಾನು ಕಿವಿಗೊಡುವುದಿಲ್ಲ. ಕಾಲಿನ ಕಡೆ ಮಾತ್ರ ಸಡಿಲಕ್ಕೆ ಮಿತಿ ಇರಲಿ: ಚೈನಿನ ಬದಿಯ ಪ್ಯಾಂಟಿನ ಅಂಚಿಗೆ ಒಂದು ಪಟ್ಟಿ ಕಟ್ಟಬೇಕು, ಉದ್ದ ಉಡುಪಿನವರ ಸೈಕಲ್ಲಿಗೆ ಹಿಂದಿನ ಚಕ್ರದ ಪಕ್ಕಕ್ಕೆ ಜಾಲರಿ ಬೇಕು.

ಹತ್ತಿ, ಪಾಲಿಯೆಸ್ಟರ್, ಉಣ್ಣೆ

ನೂಲು ಎಷ್ಟು ನೀರು ಹಿಡಿಯುತ್ತದೆ ಎಂಬುದರ ಮೇಲೆ ಇಲ್ಲಿನ ಎಲ್ಲ ಭಿನ್ನಾಭಿಪ್ರಾಯ ನಿಂತಿದೆ. ಸಾಧಾರಣ ತೇವದ ಗಾಳಿಯಲ್ಲಿ ಸುಮ್ಮನೆ ಇಟ್ಟ ಪಾಲಿಯೆಸ್ಟರ್ ತನ್ನ ತೂಕದ ಶೇ 0.4ರಷ್ಟು ತೇವವನ್ನಷ್ಟೇ ಹಿಡಿದುಕೊಳ್ಳುತ್ತದೆ. ಹತ್ತಿ ಸುಮಾರು ಶೇ 8, ಉಣ್ಣೆ ಸುಮಾರು ಶೇ 16. ಪಾಲಿಯೆಸ್ಟರ್ ಬೇಗ ಒಣಗುವುದು ಅದಕ್ಕೇ: ಅದರ ನೂಲಿನೊಳಗೆ ನೀರೇ ಹೋಗುವುದಿಲ್ಲ, ಮೇಲ್ಮೈಯಲ್ಲಿ ಹರಡಿ ಹಾರಿಹೋಗುತ್ತದೆ. ಆದರೆ ಮೈಯ ಜಿಡ್ಡನ್ನು ಅದು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಒಗೆದ ಮೇಲೂ ಮೊದಲ ಏರಿನಲ್ಲೇ ಹಳೆಯ ವಾಸನೆ ಎದ್ದುಬರುತ್ತದೆ.

ಉಣ್ಣೆ ಎಂದರೆ ಕಂಬಳಿ ಎಂದುಕೊಳ್ಳಬೇಡಿ. ಮೆರಿನೊ ಕುರಿಯ ನಯವಾದ ಉಣ್ಣೆಯ ಎಳೆ 20 ಮೈಕ್ರಾನ್‌ಗಿಂತ ತೆಳು, ಚುಚ್ಚುವುದಿಲ್ಲ. ಚುಚ್ಚುತ್ತದೆ ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ, ಕೆಲವರ ಚರ್ಮ ಅದನ್ನೂ ತಾಳುವುದಿಲ್ಲ. ತಾಳುವವರಿಗೆ ಅದು ಮೂರು ದಿನದ ಪ್ರವಾಸಕ್ಕೆ ಒಂದೇ ಅಂಗಿ ಸಾಕು ಎನ್ನಿಸುವಷ್ಟು ವಾಸನೆ ತಡೆಯುತ್ತದೆ. ತೀರಾ ಒದ್ದೆಯಾದರೆ ಒಣಗುವುದು ನಿಧಾನ, ಹುಳು ತಿನ್ನುತ್ತದೆ, ಬೆನ್ನುಚೀಲದ ಪಟ್ಟಿ ಉಜ್ಜುವಲ್ಲಿ ಬೇಗ ಸವೆಯುತ್ತದೆ.

ಹತ್ತಿಯನ್ನು ಬೈಯುವುದು ಸೈಕಲ್ಲಿನವರಲ್ಲಿ ಒಂದು ಸಂಪ್ರದಾಯ. ನಾನು ಅಷ್ಟು ಕಠಿಣನಲ್ಲ. ಒಣ ಸೆಕೆಯಲ್ಲಿ, ನಿಧಾನದ ಸವಾರಿಯಲ್ಲಿ, ಒದ್ದೆ ಹತ್ತಿ ಮೈಗೆ ತಂಪು. ಅದು ಶತ್ರುವಾಗುವುದು ಎರಡು ಕಡೆ: ಒದ್ದೆಯಾದ ಅಂಗಿಯಲ್ಲಿ ಉದ್ದದ ಇಳಿಜಾರು ಇಳಿಯುವಾಗ, ಮತ್ತು ಸೀಟಿನ ಮೇಲೆ. ಬಿಸಿಲಿಗೂ ಅದು ಅಷ್ಟಕ್ಕಷ್ಟೆ. ಯುಪಿಎಫ್ 50 ಎಂದು ಬರೆದ ಬಟ್ಟೆ ಅತಿನೇರಳೆ ಕಿರಣಗಳ ಐವತ್ತರಲ್ಲಿ ಒಂದು ಪಾಲನ್ನಷ್ಟೇ ಒಳಬಿಡುತ್ತದೆ. ತೆಳುವಾದ ಬಿಳಿ ಟೀ ಶರ್ಟಿನಲ್ಲಿ ಈ ರಕ್ಷಣೆ ಎಷ್ಟೋ ಕಡಿಮೆ, ಒದ್ದೆಯಾದರೆ ಇನ್ನೂ ಕಡಿಮೆ.

ಮಳೆಯಲ್ಲಿ ಹೊರಗಿನಿಂದಲೋ, ಒಳಗಿನಿಂದಲೋ

ಮಳೆಯಲ್ಲಿ ಹೇಗೂ ಒದ್ದೆಯಾಗುತ್ತೀರಿ. ಆಯ್ಕೆ ಇರುವುದು ಯಾವ ನೀರಿನಲ್ಲಿ ಎಂಬುದರಲ್ಲಿ ಮಾತ್ರ. ಪೆಡಲ್‌ಗೆ 150 ವ್ಯಾಟ್ ಕೊಡುವ ಸವಾರರ ಮೈ ಅದರ ಮೂರು ನಾಲ್ಕು ಪಟ್ಟು ಶಾಖ ಉಗುಳುತ್ತಿರುತ್ತದೆ. ಅದನ್ನೆಲ್ಲ ಬೆವರಿನಿಂದಲೇ ಹೊರಹಾಕುವುದಾದರೆ ಗಂಟೆಗೆ 700 ಗ್ರಾಂ ನೀರು ಆವಿಯಾಗಬೇಕು. ಜಾಕೆಟ್ಟಿನ ಚೀಟಿಯಲ್ಲಿ ಎರಡು ಸಂಖ್ಯೆ ಇರುತ್ತವೆ. 10,000 ಮಿಲಿಮೀಟರ್ ಎಂದರೆ ಬಟ್ಟೆ 10 ಮೀಟರ್ ಎತ್ತರದ ನೀರಿನ ಒತ್ತಡ ತಡೆಯುತ್ತದೆ ಎಂದು. 10,000 ಗ್ರಾಂ ಎಂದರೆ ಒಂದು ಚದರ ಮೀಟರ್ ಬಟ್ಟೆಯಿಂದ 24 ಗಂಟೆಯಲ್ಲಿ ಅಷ್ಟು ಆವಿ ಹೊರಹೋಗುತ್ತದೆ ಎಂದು. 24ರಿಂದ ಭಾಗಿಸಿ ನೋಡಿ: ಗಂಟೆಗೆ 400 ಗ್ರಾಂ ಚಿಲ್ಲರೆ, ಅದೂ ಪ್ರಯೋಗಾಲಯದಲ್ಲಿ. ಹೊರಗೆ ಮಳೆ ಸುರಿದು ಮೇಲ್ಪದರ ನೆನೆದ ಮೇಲೆ ಅಷ್ಟೂ ಇರುವುದಿಲ್ಲ. ಆದ್ದರಿಂದ ಜೋರಾಗಿ ತುಳಿಯುವವರು "ಈ ಜಾಕೆಟ್ ಸೋರುತ್ತದೆ" ಎಂದು ದೂರುವಾಗ ಹಲವು ಸಲ ಒಳಗಿರುವುದು ಅವರದೇ ಬೆವರು.

ನಿಧಾನವಾಗಿ ಹೋಗುವವರಿಗೆ ಕೆಳಗೆಲ್ಲ ತೆರೆದಿರುವ, ಹ್ಯಾಂಡಲ್ ಮೇಲೆ ಹರಡಿಕೊಳ್ಳುವ ಕೊಡೆಯಂಥ ರೇನ್‌ಕೋಟ್ ಒಳ್ಳೆಯದು; ಗಾಳಿಯಾಡುತ್ತದೆ, ತೊಡೆಯೂ ಮುಚ್ಚುತ್ತದೆ. ಎದುರುಗಾಳಿ ಬಂದರೆ ಅದೇ ಹಾಯಿಯಾಗುತ್ತದೆ. ಬೆಚ್ಚಗಿನ ಮಳೆಯಲ್ಲಿ ನಾನು ಅಂಗಿಯ ಮೇಲೆ ಏನನ್ನೂ ಹಾಕುವುದಿಲ್ಲ. ಚಳಿಯ ಮಳೆಯಲ್ಲಿ ಮಾತ್ರ ಜಾಕೆಟ್, ಅದೂ ಕಂಕುಳಲ್ಲಿ ಜಿಪ್ ಇರುವಂಥದ್ದು. ಮಡ್‌ಗಾರ್ಡ್ ಇಲ್ಲದ ಸೈಕಲ್ಲಿನಲ್ಲಿ ಈ ಚರ್ಚೆಯೆಲ್ಲ ವ್ಯರ್ಥ. ಆಕಾಶದಿಂದ ಬರುವುದಕ್ಕಿಂತ ಚಕ್ರದಿಂದ ಹಾರುವ ಕೆಸರು ನೀರೇ ಚಡ್ಡಿಯನ್ನು ಹೆಚ್ಚು ಹಾಳುಮಾಡುತ್ತದೆ.

ಚಳಿಗೆ ಒಂದು ದಪ್ಪ ಸ್ವೆಟರಿಗಿಂತ ಎರಡು ತೆಳು ಪದರ, ಮುಷ್ಟಿಯಷ್ಟಾಗಿ ಮಡಚಿ ಜೇಬಿಗಿಡಬಹುದಾದ ತೋಳಿಲ್ಲದ ಗಾಳಿತಡೆ ಅಂಗಿ. ಹೊರಟಾಗ ಸ್ವಲ್ಪ ಚಳಿಯಾಗುತ್ತಿರಲಿ. ಹೊರಟಾಗಲೇ ಬೆಚ್ಚಗಿದ್ದರೆ ಹತ್ತು ನಿಮಿಷದಲ್ಲಿ ಬಿಚ್ಚಬೇಕಾಗುತ್ತದೆ.

ಕೈಗವಸು, ಬಣ್ಣ

ಕಿರುಬೆರಳು ಮತ್ತು ಉಂಗುರ ಬೆರಳಿನ ಪಕ್ಕ ಜೋಮು ಹಿಡಿದರೆ ಅಂಗೈಯ ಹೊರಬದಿಯ ಬುಡದಲ್ಲಿ ಹಾಯುವ ನರ ಒತ್ತಿದೆ ಎಂದರ್ಥ. ಹೆಬ್ಬೆರಳು, ತೋರುಬೆರಳು, ನಡುಬೆರಳಾದರೆ ಮಣಿಕಟ್ಟಿನ ನಡುವಿನ ನರ. ಜೆಲ್ ತುಂಬಿದ ಕೈಗವಸು ಕೆಲವರಿಗೆ ಇದನ್ನು ತಪ್ಪಿಸುತ್ತದೆ. ಆ ಉಬ್ಬೇ ನರದ ಮೇಲೆ ಕುಳಿತರೆ ಹೆಚ್ಚಿಸುತ್ತದೆ. ನನಗೆ ಆದದ್ದು ಹಾಗೆ. ಗೆಳೆಯ ಚಡ್ಡಿಯಲ್ಲಿ ಬೇಡವೆಂದ ಮೆತ್ತೆಯನ್ನೆಲ್ಲ ಕೈಗೆ ಕಟ್ಟಿಕೊಂಡು ಸುಖವಾಗಿದ್ದಾನೆ. ನಾನು ತೆಳು ಬಟ್ಟೆಯ ಕೈಗವಸು ಹಾಕಿ, ಹ್ಯಾಂಡಲ್ಲಿಗೆ ಎರಡು ಸುತ್ತು ಟೇಪ್ ಸುತ್ತಿದ್ದೇನೆ.

ಬಣ್ಣದಲ್ಲಿ ಇಷ್ಟಾನಿಷ್ಟಕ್ಕಿಂತ ಭೌತಶಾಸ್ತ್ರ ದೊಡ್ಡದು. ಕಣ್ಣು ಕುಕ್ಕುವ ಹಳದಿ ಹೊಳೆಯುವುದು ಬಿಸಿಲಿನ ಅತಿನೇರಳೆ ಕಿರಣಗಳಿಂದ. ರಾತ್ರಿ ಅದಕ್ಕೆ ಆ ಶಕ್ತಿ ಇಲ್ಲ. ರಾತ್ರಿಗೆ ಬೇಕಾದದ್ದು ದೀಪದ ಬೆಳಕನ್ನು ಬಂದ ದಾರಿಯಲ್ಲೇ ಮರಳಿಸುವ ಪಟ್ಟಿ. ಅದು ಬೆನ್ನಿನ ಮೇಲಿರುವುದಕ್ಕಿಂತ ಕಾಲಿನ ಗಂಟಿಗೂ ಮೊಣಕಾಲಿಗೂ ಇದ್ದರೆ ಮೇಲು. ಮೇಲೆ ಕೆಳಗೆ ಆಡುವ ಎರಡು ಚುಕ್ಕೆ ಕಂಡರೆ ಅದು ಮನುಷ್ಯ ಎಂದು ಚಾಲಕರಿಗೆ ಕೂಡಲೇ ಹೊಳೆಯುತ್ತದೆ. ಕಪ್ಪು ಜರ್ಸಿಯೇ ಬೇಕೆನ್ನುವವರು ಆ ಎರಡು ಪಟ್ಟಿ ಕಟ್ಟಿಕೊಂಡು ಕಪ್ಪನ್ನೇ ಹಾಕಲಿ.

ಹಾಕಿ ನೋಡುವುದು ಹೇಗೆ

ಅಂಗಡಿಯಲ್ಲಿ ನಿಂತು ನೋಡಿದರೆ ಎಲ್ಲವೂ ತಪ್ಪಾಗಿ ಕಾಣುತ್ತದೆ. ಒಳ್ಳೆಯ ಜರ್ಸಿ ನಿಂತಾಗ ಮುಂದೆ ಗಿಡ್ಡ, ಒಳ್ಳೆಯ ಬಿಬ್ ನಿಂತಾಗ ಹೆಗಲನ್ನು ಎಳೆಯುತ್ತದೆ. ಸವಾರಿಯ ಭಂಗಿಗೆ ಬಾಗಿ, ಕೈ ಮುಂದೆ ಚಾಚಿ ಆಮೇಲೆ ತೀರ್ಮಾನಿಸಿ. ಬಾಗಿದಾಗಲೂ ಪ್ಯಾಡ್ ಮೈಯಿಂದ ಬಿಟ್ಟುಕೊಂಡು ಜೋಲಾಡಿದರೆ ಒಂದು ಅಳತೆ ಚಿಕ್ಕದು ತೆಗೆದುಕೊಳ್ಳಿ. ಒಬ್ಬ ತಯಾರಕರ ಎಂ ಇನ್ನೊಬ್ಬರ ಎಲ್ ಆಗಿರುತ್ತದೆ; ಅಕ್ಷರ ಬಿಟ್ಟು ಸೆಂಟಿಮೀಟರ್ ನೋಡಿ.

ರಸ್ತೆಯಲ್ಲಿ ನೋವು ಎಲ್ಲಿ ಶುರುವಾಗುತ್ತದೆ ಎಂಬುದೇ ಸುಳಿವು. ಎರಡೂ ಮೂಳೆಗಳು ಸಮನಾಗಿ ನೊಂದರೆ, ಹೊಸಬರಾದರೆ, ಎರಡು ಮೂರು ವಾರ ಕಾಯಿರಿ; ಮೈ ಪಳಗುತ್ತದೆ. ತೊಡೆಯ ಒಳಬದಿ ಉರಿದರೆ ಪ್ಯಾಡ್ ಅಗಲವಾಗಿದೆ, ಇಲ್ಲವೇ ಸೀಟಿನ ಮೂತಿ ಅಗಲವಾಗಿದೆ. ಮುಂಭಾಗ ಜೋಮು ಹಿಡಿದರೆ ಬಟ್ಟೆ ಬದಲಿಸುವ ಮೊದಲು ಸೀಟಿನ ಮೂತಿಯನ್ನು ಒಂದೆರಡು ಡಿಗ್ರಿ ಇಳಿಸಿ ನೋಡಿ, ಜೋಮನ್ನು ಸಹಿಸಿಕೊಂಡು ಮಾತ್ರ ತುಳಿಯಬೇಡಿ. ಒಂದೇ ಬದಿಗೆ ಹುಣ್ಣಾಗುತ್ತಿದ್ದರೆ ಅದು ಬಹುಶಃ ಬಟ್ಟೆಯ ತಪ್ಪಲ್ಲ, ಸೀಟು ಎತ್ತರವಾಗಿ ಸೊಂಟ ಆಚೀಚೆ ತೂಗುತ್ತಿದೆ. ಒಂದು ಸವಾರಿಗೆ ಒಂದನ್ನೇ ಬದಲಿಸಿ. ನಾನು ಒಂದೇ ವಾರದಲ್ಲಿ ಚಡ್ಡಿ, ಸೀಟು, ಹ್ಯಾಂಡಲ್ ಎತ್ತರ ಮೂರನ್ನೂ ಬದಲಿಸಿ, ನೋವು ಹೋದಾಗ ಯಾವುದಕ್ಕೆ ಕೃತಜ್ಞನಾಗಬೇಕೆಂದು ತಿಳಿಯದೆ ಕುಳಿತಿದ್ದೆ.

ಒಗೆಯುವಾಗ ಒಳಮೈ ಹೊರಗೆ ಮಾಡಿ, ಬಟ್ಟೆ ಮೆದುಗೊಳಿಸುವ ದ್ರವವನ್ನು ಹಾಕಬೇಡಿ. ಅದು ನೂಲಿನ ಮೇಲೆ ಪದರ ಕಟ್ಟಿ ಬೆವರು ಹರಡುವುದನ್ನು ಕೆಡಿಸುತ್ತದೆ. ಬಿಸಿಗಾಳಿಯ ಯಂತ್ರಕ್ಕೆ ಹಾಕಿದರೆ ಲೈಕ್ರಾದ ಹಿಗ್ಗು ಬೇಗ ಸಾಯುತ್ತದೆ. ತೊಡೆಯ ಬಟ್ಟೆ ಬೆಳಕಿಗೆ ಹಿಡಿದಾಗ ಜಾಳಾಗಿ ಕಂಡರೆ ಅದರ ಆಯಸ್ಸು ಮುಗಿಯಿತು. ಹಿಂದೆ ಬರುವವರು ಹೇಳಲು ನಾಚುತ್ತಾರೆ, ನೀವೇ ನೋಡಿಕೊಳ್ಳಬೇಕು.

ಗೆಳೆಯ ಈಚೆಗೆ ಒಂದೇ ದಿನದಲ್ಲಿ 150 ಕಿಲೋಮೀಟರ್ ಹೋಗುವ ಯೋಜನೆ ಹಾಕಿದ್ದಾನೆ. ಹಿಂದೆ ಮರಳಿಸಿದ ಆ ಚಡ್ಡಿ ಇನ್ನೂ ನನ್ನ ಬೀರುವಿನಲ್ಲೇ ಇದೆಯೇ ಎಂದು ಮೊನ್ನೆ ಕೇಳಿದ. ಇದೆ ಎಂದೆ. ಹೊರಡುವ ಹಿಂದಿನ ದಿನ ಕೊಡುವುದಿಲ್ಲ, ಒಂದು ತಿಂಗಳು ಮೊದಲೇ ಒಯ್ದು ಹಾಕಿ ಅಭ್ಯಾಸ ಮಾಡಬೇಕು ಎಂದೂ ಹೇಳಿದ್ದೇನೆ.